ಆಕಾಶಕ್ಕೆ ಕಿವಿಕೊಟ್ಟವನು

ಅವನು ಹೋದ ದಿನ ಸಂಜೆಯೂ ಜಗಳ ಮಿಕ್ಸಿಯದೇ. ರೇಡಿಯೋ ದೂರದರ್ಶಕದಲ್ಲಿ ರಾತ್ರಿಪಾಳಿ ಅವನಿಗೆ. ಆಕಾಶದ ರೇಡಿಯೋ ಅಲೆ ಹಿಡಿಯುವ ಆ ದೊಡ್ಡ ಬೋಗುಣಿ ಕ್ವಾರ್ಟರ್ಸಿನ ಹಿಂದೆಯೇ ನಿಂತಿತ್ತು; ಮಿಕ್ಸಿಯ, ಸ್ಕೂಟರಿನ ಕಿಡಿಯೂ ಅದಕ್ಕೆ ದೊಡ್ಡ ಗದ್ದಲವೇ. "ಮಿಕ್ಸಿ ನಿಲ್ಲಿಸೇ, ನಮ್ಮ ಗ್ಯಾಲಕ್ಸಿ ಕೇಳಿಸಲ್ಲ" ಅನ್ನುವವನು. "ಹೆಂಡತಿ ಕೂಗಿದ್ದಾದರೂ ಕೇಳಿಸುತ್ತಾ?" ಅಂದರೆ ಹಲ್ಲು ಕಿರಿಯುವವನು. ಪಕ್ಕದ ಮನೆಯ ಸ್ಕೂಟರ್ ಕೆಮ್ಮಿದರೂ ಅರ್ಧ ಊಟದಲ್ಲಿ ಎದ್ದು ಜಗಳಕ್ಕೆ ಹೋಗುವವನು. ಮಗಳ ಮದುವೆ ಮಾತಿನ ನಡುವೆಯೂ ಗ್ಯಾಲಕ್ಸಿ ತಂದು ತುರುಕುವವನು. ಅವತ್ತು ಯಾವುದೋ ಮುದಿ ಗ್ಯಾಲಕ್ಸಿಯ ಕತೆ ತೆಗೆದ. ವಯಸ್ಸಿದ್ದಾಗ ಅದು ನಡುವಿನಿಂದ ಎರಡೂ ಕಡೆಗೆ ಬೆಂಕಿಯಂಥ ಚಿಲುಮೆ ಚಿಮ್ಮಿಸುತ್ತಿತ್ತಂತೆ, ಈಗ ಆ ನಡುವೇ ಆರಿಹೋಗಿದೆಯಂತೆ. "ಆದರೆ ತುದಿ ಇನ್ನೂ ಹೊಳೀತಿದೆ ಕಣೇ. ನಡು ಆರಿದ ಸುದ್ದಿ ಅಲ್ಲಿಗೆ ಮುಟ್ಟೋಕೆ ಲಕ್ಷಗಟ್ಟಲೆ ವರ್ಷ ಬೇಕು." "ಅಯ್ಯೋ ಪಾಪ" ಅಂದಳು ಅವಳು, ತಟ್ಟೆ ಎತ್ತುತ್ತಾ. "ಕೆಲವು ಮತ್ತೆ ಶುರುವಾಗೋದೂ ಉಂಟು" ಅಂತ ಚಪ್ಪಲಿ ಮೆಟ್ಟಿ ಹೋದವನಿಗೆ ಅಲ್ಲೇ, ಪಾಳಿಯ ಕುರ್ಚಿಯಲ್ಲೇ ಎದೆಬಡಿತ ನಿಂತುಹೋಯಿತು. ಅವಳು ಮುಖ ನೋಡಿದ್ದಾಳೆ, ಕೈ ಮುಟ್ಟಿದ್ದಾಳೆ, ಮಣ್ಣೂ ಆಗಿದೆ. ಆದರೂ ಈಗಲೂ ಬೆಳಗಾದರೆ ಸಾಕು, ಒಳಕೋಣೆಗೆ ಹೋಗಿ, ಪಾಳಿ ಮುಗಿಸಿ ಬಂದು ಮಲಗುವವನ ಕಣ್ಣಿಗೆ ಬಿಸಿಲು ಬೀಳದಂತೆ ಪರದೆ ಎಳೆದು, ಬಾಗಿಲು ಮೆಲ್ಲಗೆ ಮುಂದೆ ಮಾಡಿ ಬರುತ್ತಾಳೆ.