ನೀರು ಕಾಣದ ಮೋಟಾರು

ನಾನು ಶಿರಾದಲ್ಲಿ ಎಂಜಿನ್ ರಿಪೇರಿ ಮಾಡುವವನು. ಹಳೇ ಡೀಸೆಲ್ ಪಂಪು, ಔಷಧಿ ಹೊಡೆಯುವ ಮಿಷನ್ನು, ಟಿಲ್ಲರು, ಇವೇ ನನ್ನ ಅನ್ನ. ದೋಣಿಯ ಬೆನ್ನಿಗೆ ಕಟ್ಟುವ ಮೋಟಾರನ್ನು ಬಿಚ್ಚಿದ್ದು ಜೀವನದಲ್ಲಿ ಒಂದೇ ಸಲ. ಇನ್ನೊಂದು ಸಲ ಯಾರಾದರೂ ತಂದರೆ ಷೆಡ್ಡಿಗೆ ಬೀಗ ಹಾಕಿಕೊಂಡು ಎದ್ದುಹೋಗುತ್ತೇನೆ.

ಆ ವರ್ಷ ಮಳೆ ಹುಯ್ದದ್ದು ಹುಯ್ದದ್ದೇ. ನನ್ನ ತಂಗಿಯನ್ನು ಕೊಟ್ಟ ಊರಿನ ಕೆರೆ ಕೋಡಿ ಬಿತ್ತು. ಮದುವೆಯಾಗಿ ಹೋದಾಗಿನಿಂದ ಅವಳು ಆ ಕೆರೆಯಲ್ಲಿ ಜಾಲಿ ಬಿಟ್ಟು ಬೇರೇನೂ ಕಂಡಿರಲಿಲ್ಲ. ಅವಳ ಗಂಡ ಕೆರೆಯಂಗಳದಲ್ಲೇ ಅಡ್ಡ ಹಾದು ಆಚೆ ದಡದ ಹೊಲಕ್ಕೆ ಹೋಗಿಬರುತ್ತಿದ್ದವನು. ನೀರು ಬಂದ ಮೇಲೂ ಆ ದಾರಿ ಅವನ ಕಾಲಲ್ಲಿ ಹಾಗೇ ಇತ್ತು. ಒಂದು ಸಂಜೆ ಎಮ್ಮೆ ನೀರಿಗಿಳಿದದ್ದನ್ನು ಕಂಡು ಹಿಂದೆಯೇ ಇಳಿದ. ಜೆಸಿಬಿ ಬಿಟ್ಟು ಮಣ್ಣು ತೆಗೆದಿದ್ದ ಗುಂಡಿಗಳು ಎಲ್ಲೆಲ್ಲಿವೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲವನ್ನೂ ನೀರು ಮುಚ್ಚಿಕೊಂಡ ಮೇಲೆ ಗುರುತು ಹಿಡಿಯುವುದು ಮಾತ್ರ ಗೊತ್ತಿರಲಿಲ್ಲ. ಎಮ್ಮೆ ಈಜಿಕೊಂಡು ಮನೆಗೆ ಬಂತು. ಆ ಊರಲ್ಲಿ ಈಜು ಬರುತ್ತಿದ್ದದ್ದು ಎಮ್ಮೆಗಳಿಗೆ ಮಾತ್ರ.

ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಕತ್ತಲಾಗಿತ್ತು. ಹಗ್ಗ, ಕೊಕ್ಕೆ ಹಾಕಿ ಏರಿಯ ಪಕ್ಕ ಹುಡುಕಿದ್ದರು. ಸುತ್ತಮುತ್ತಲ ಕೆರೆಗಳೆಲ್ಲ ತುಂಬಿ ಹರಿಯುತ್ತಿದ್ದ ದಿನಗಳವು, ಹೊರಗಿನಿಂದ ದೋಣಿ ಬರುವುದು ಯಾವಾಗಲೋ ಏನೋ. ಊರ ಹಿರಿಯರು ಕಾಯೋಣ ಎಂದರು. ಮೂರನೇ ದಿನಕ್ಕೆ ನೀರೇ ಮೇಲೆತ್ತಿ ಕೊಡುತ್ತದೆ ಎಂಬುದು ಅವರ ನಂಬಿಕೆ. ವರ್ಷಗಟ್ಟಲೆ ಕೆರೆಯಲ್ಲಿ ನೀರನ್ನೇ ಕಾಣದವರು ನೀರಿನ ನಿಯಮ ಹೇಳುವುದನ್ನು ಕೇಳಿ ನನಗೆ ಮೈ ಉರಿಯಿತು. ತಂಗಿ ಏರಿಯ ಮೇಲೆ ಕೂತಿದ್ದಳು, ಅಳುತ್ತಿರಲಿಲ್ಲ.

“ಮೂರು ದಿನಕ್ಕೆ ಮೀನು ಮುಖ ಬುಟ್ಟಾವಾ ಅಣ್ಣ? ನಂಗೆ ಅವ್ರ ಮುಖ ನೋಡ್ಬೇಕು,” ಎಂದಳು.

ಆ ಊರಲ್ಲೇ ಒಂದು ದೋಣಿ ಇತ್ತು. ಹಿಂದೆ ಕೆರೆ ತುಂಬಿದ್ದಾಗ ಮೀನಿನ ಗುತ್ತಿಗೆ ಹಿಡಿದಿದ್ದವನು, ನೀರು ಬತ್ತಿದ ಮೇಲೆ ಮೋಟಾರಿನ ಸಮೇತ ಬಿಟ್ಟುಹೋದದ್ದು. ಹುಟ್ಟು ಹಾಕಲು ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ, ಮೋಟಾರೇ ಗತಿ. ಅದನ್ನು ಕಾಪಾಡಿಕೊಂಡಿದ್ದವನು ತೂಬು ನೋಡಿಕೊಳ್ಳುವ ನೀರುಗಂಟಿ ತಾತ. ಬೆಳಕು ಹರಿಯುತ್ತಲೇ ಮೋಟಾರನ್ನು ಹೊತ್ತು ತಂದ. ಮೇಲೆಲ್ಲ ಕುಂಕುಮ, ಒಣಗಿದ ನಿಂಬೆಹಣ್ಣಿನ ಕಲೆ. ಒಂದು ಚೂರು ತುಕ್ಕಿರಲಿಲ್ಲ. ಕ್ಷಣಹೊತ್ತು ನನಗೂ ಆಸೆ ಹುಟ್ಟಿತು.

ಮೋಟಾರು ಚಾಲೂ ಮಾಡುವ ಹಗ್ಗ ಎಳೆದೆ. ಬಾವಿಯ ರಾಟೆಯಿಂದ ಬಿಂದಿಗೆಯಿಲ್ಲದ ಹಗ್ಗ ಬಂದ ಹಾಗೆ ಸಲೀಸಾಗಿ ಬಂತು. ಎಂಜಿನ್ ನೆಟ್ಟಗಿದ್ದರೆ ಹಗ್ಗ ಕೈಯನ್ನು ತಡೆಯಬೇಕು. ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ತಾತನ ಕೈಯಲ್ಲಿ ಹಗ್ಗ ಎಳೆಸಿದೆ. ಬೆರಳನ್ನು ದಬ್ಬಬೇಕಾದ ಗಾಳಿ ಸುಮ್ಮನೆ ಸವರಿ ಹೋಯಿತು. ಕಂಪ್ರೆಷನ್ ಇಲ್ಲ. ತೂತಿನೊಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ ಎಳೆಸಿದೆ. ಈ ಸಲ ಬೆರಳು ಎಗರಿತು. ಆಯಿಲ್ ಬಿದ್ದಾಗ ಗಾಳಿ ನಿಂತಿತೆಂದರೆ ಸೋರುತ್ತಿರುವುದು ಪಿಸ್ಟನ್ನಿನ ರಿಂಗುಗಳಲ್ಲಿ. ಬಿಚ್ಚದೆ ಬೇರೆ ದಾರಿಯಿರಲಿಲ್ಲ.

ಏರಿಯ ಮೇಲೆ ಗೋಣಿಚೀಲ ಹಾಸಿ ಬಿಚ್ಚಿದೆ. ಸಿಲಿಂಡರಿನ ಒಳಗೋಡೆಯ ಮೇಲೆ ಉದ್ದುದ್ದ ಗೀರು. ರಿಂಗುಗಳು ತಮ್ಮ ಕಚ್ಚಿನಲ್ಲೇ ಸುಟ್ಟು ಕಚ್ಚಿಕೊಂಡಿದ್ದವು. ಕೆಳಗಿನ ಪಂಪಿನಲ್ಲಿ, ಕೆರೆಯ ನೀರನ್ನೆಳೆದು ಎಂಜಿನ್ನನ್ನು ತಣ್ಣಗಿಡಬೇಕಾದ ರಬ್ಬರಿನ ಚಕ್ರ ಕರಗಿ ಮುದ್ದೆಯಾಗಿತ್ತು. ನೀರಿಲ್ಲದೆ ಓಡಿದ ಎಂಜಿನ್ನು ಇದು. ಯಾವ ಮುಂಡೇಗಂಡ ಇದನ್ನು ನೀರು ಕಾಣಿಸದೆ ಓಡಿಸಿದ್ದು ಎಂದು ಕೂಗಾಡಿಬಿಟ್ಟೆ.

ತಾತ ಕೈಕಟ್ಟಿ ನಿಂತುಕೊಂಡ. “ನಾನೇ ಕಣಪ್ಪ. ವರ್ಸಾ ವರ್ಸಾ ಆಯುಧಪೂಜೆಗೆ ಕಲ್ಲಿಗೆ ಕಟ್ಟಿ ಓಡಿಸ್ತಿದ್ದೆ. ಮೂಲೇಲಿ ಕುಂತ್ರೆ ಕೆಟ್ಟೋಯ್ತದೆ ಅಂತ.”

ಡ್ರಮ್ಮಿನಲ್ಲಿ ನೀರು ತುಂಬಿ, ಅದರೊಳಗೆ ಇಳಿಬಿಟ್ಟು ಓಡಿಸಬೇಕಿತ್ತು ಎಂದೆ.

“ಒಂದು ಡ್ರಮ್ ನೀರಾ? ಟ್ಯಾಂಕರ್ ಬಂದ್ರೆ ಮನೆಗೆ ನಾಕು ಬಿಂದಿಗೆ. ಮೋಟ್ರಿಗೆ ಹುಯ್ಯಕ್ಕೆ ನಾನು ಯಾರ ಮನೆ ನೀರು ಕೇಳ್ಳಪ್ಪ?”

ಅದನ್ನು ಕೇಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು ಬಿದ್ದಿತ್ತು. ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಸ್ಪ್ಯಾನರನ್ನು ಕಲ್ಲಿಗೆ ಬೀಸಿ ಎಸೆದೆ. ಆಮೇಲೆ ನಾನೇ ಹೋಗಿ ಎತ್ತಿಕೊಂಡು ಬಂದೆ.

ಸೀಮೆಎಣ್ಣೆಯಲ್ಲಿ ನೆನೆಸಿ, ಬ್ಲೇಡಿನಿಂದ ಮೀಟಿ ಒಂದು ರಿಂಗನ್ನು ಬಿಡಿಸಿದೆ. ಇನ್ನೊಂದು ಮುರಿಯಿತು. ಬೈಕ್ ಹತ್ತಿ ಶಿರಾಕ್ಕೆ ಓಡಿದೆ. ಗುಜರಿ ಅಂಗಡಿಯ ಸಾಬರು ಹಳೇ ಬೈಕುಗಳ ರಾಶಿ ಕೆದಕಿ, ಹತ್ತಿರದ ಅಳತೆಯ ರಿಂಗು ಹುಡುಕಿ ಕೊಟ್ಟರು. ವಿಷಯ ತಿಳಿದ ಮೇಲೆ ಕಾಸು ಮುಟ್ಟಲಿಲ್ಲ, “ಬೇಗ ಹೋಗಿ” ಎಂದಷ್ಟೇ ಹೇಳಿದರು. ಬೇಗ ಆಗುವ ಕೆಲಸವಾಗಿರಲಿಲ್ಲ ಅದು. ರಿಂಗಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ಅರದಿಂದ ಉಜ್ಜಿ, ಸಿಲಿಂಡರಿನಲ್ಲಿ ಇಟ್ಟು ನೋಡಿ, ಮತ್ತೆ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಗಾಳಿ ಸೋರುತ್ತದೆ, ಕಮ್ಮಿಯಾದರೆ ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಒಳಗೋಡೆಯ ಗೀರುಗಳನ್ನು ಎಮರಿ ಪೇಪರಿನಿಂದ ಆದಷ್ಟು ಸವರಿ ಜೋಡಿಸಿದೆ. ಅಷ್ಟರಲ್ಲಿ ಹೊತ್ತು ನೆತ್ತಿಯಿಂದ ವಾಲಿತ್ತು. ನಡುನಡುವೆ ತಂಗಿ ಎದ್ದು ಬಂದು ನನ್ನ ಕೈಯನ್ನೇ ನೋಡಿ, ವಾಪಸು ಹೋಗಿ ಕೂರುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕರಗಿದ ರಬ್ಬರಿಗೆ ಬದಲಿ ಸಿಗಲಿಲ್ಲ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಕ್ಯಾನಿನ ಪೈಪನ್ನು ಎಂಜಿನ್ನಿಗೆ ನೀರು ಹೋಗುವ ದಾರಿಗೆ ಸಿಕ್ಕಿಸಿದೆ. ತಾತ ದೋಣಿಯಲ್ಲಿ ಕೂತು ಕೆರೆಯ ನೀರನ್ನು ಕ್ಯಾನಿಗೆ ತುಂಬುವುದು, ಪಂಪು ಒತ್ತುವುದು, ಮತ್ತೆ ತುಂಬುವುದು. ಹಗ್ಗ ಎಳೆದರೆ ಕೈಗೆ ತಡೆ ಸಿಕ್ಕಿತು, ಎಂಜಿನ್ ಹತ್ತಿತು. ಏರಿಯ ಮೇಲೆ ಯಾರೋ ಕೈಮುಗಿದರು. ನನಗೆ ಸಂತೋಷವಾಯಿತು, ಆ ಕ್ಷಣಕ್ಕೆ, ಆ ಕೆಲಸಕ್ಕೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕೆರೆಯ ನಡುವೆ ಮುಳುಗಿದ ಜಾಲಿಯ ತಲೆಗಳಲ್ಲಿ ಅವನ ಅಂಗಿ ಸಿಕ್ಕಿಕೊಂಡಿತ್ತು. ಎಂಜಿನ್ ನಿಲ್ಲಿಸಿ, ಮುಳ್ಳು ಬಿಡಿಸಿ ಎಳೆದುಕೊಂಡೆವು. ಮೊದಲು ಮುಖ ನೋಡಿದವನು ನಾನು. ಹೆಗಲ ಮೇಲಿನ ಟವಲನ್ನು ತೆಗೆದು ಅವನ ಮುಖಕ್ಕೆ ಸುತ್ತಿ, ಹಿಂದೆ ಗಂಟು ಹಾಕಿದೆ. ತಾತ ಕ್ಯಾನು ತಬ್ಬಿಕೊಂಡು ಬೇರೆ ಕಡೆ ನೋಡುತ್ತಿದ್ದ.

ದಡದಲ್ಲಿ ಎಲ್ಲರೂ ಅವಳಿಗೆ ದಾರಿ ಬಿಟ್ಟರು. ಅವಳು ಕೂತು ಗಂಟಿಗೆ ಕೈ ಹಾಕಿದಳು. ಬೇಡವೆಂದು ನಾನು ಕೈ ಚಾಚುವಷ್ಟರಲ್ಲಿ ಅವಳೇ ಕೈ ತೆಗೆದು, ಟವಲಿನ ಮೇಲಿನಿಂದಲೇ ಮುಟ್ಟಿ ನೋಡತೊಡಗಿದಳು. ಹಣೆ, ಹುಬ್ಬು, ಮೂಗು. ಕೆನ್ನೆಯ ಹತ್ತಿರ ಬಂದಾಗ ಬೆರಳು ನಿಂತವು.

“ಅವ್ರೇ ಕಣಣ್ಣ,” ಎಂದಳು. “ಬಿಚ್ಬ್ಯಾಡ, ಅಂಗೇ ಇರ್ಲಿ ಬುಡು.”

ಮಣ್ಣು ಮಾಡುವಾಗಲೂ ಟವಲು ಹಾಗೇ ಇತ್ತು.