ಕರೆದರೆ ಬರುತ್ತಿದ್ದ ನಾಯಿಗಳು

ನಮ್ಮ ಮನೆಯ ಹಿಂದಿನ ಮೋರಿಯ ಹತ್ತಿರ ಮರಿ ಹಾಕಿದ್ದ ಕಂದು ನಾಯಿಯ ತಲೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಕ್ಕಿಕೊಂಡಿತ್ತು. ತಿನ್ನುವಂತಿಲ್ಲ, ನೀರು ಕುಡಿಯುವಂತಿಲ್ಲ. ಹಾಲು ಬತ್ತಿದರೆ ಮರಿಗಳೂ ಉಳಿಯುವುದಿಲ್ಲ. ಹಿಡಿದು ಕತ್ತರಿಸಿದರೆ ಬರುವ ಡಬ್ಬಿ ಅದು. ಆದರೆ ನಾಯಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೊಸರನ್ನದ ಬಟ್ಟಲು ಹಿಡಿದು ಎಷ್ಟು ಹೊತ್ತು ಕರೆದರೂ, ನಾನು ಮುಂದೆ ಹೋದಷ್ಟು ಅದು ಹಿಂದೆ ಹೋಯಿತು.

"ಯಾಕೆ ಇಷ್ಟು ಹೆದರುತ್ತೆ? ಇದಕ್ಕೆ ಯಾರೂ ಒಂದು ಕಲ್ಲೂ ಹೊಡೆದಿಲ್ವಲ್ಲ," ಎಂದಳು ನನ್ನ ಹೆಂಡತಿ.

ನನಗೆ ಉತ್ತರ ಗೊತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದವನು ನಾನು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಕೆಲಸ, ಟೌನ್‌ಶಿಪ್‌ನಲ್ಲಿ ಕ್ವಾರ್ಟರ್ಸ್. ನಮ್ಮ ಸಾಲಿನಲ್ಲಿ ಕನ್ನಡದವರೇ ಹೆಚ್ಚು. ಊಟದ ಕೊನೆಯ ತುತ್ತು ಮೊಸರನ್ನವನ್ನು ಹಿತ್ತಿಲ ಬಾಗಿಲಲ್ಲಿ ನಾಯಿಗೆ ಹಾಕುವ ರೂಢಿಯನ್ನು ಊರಿಂದ ಹಾಗೇ ತಂದಿದ್ದೆವು. ಆ ಸಾಲಿನ ನಾಯಿಗಳಲ್ಲಿ ಎಷ್ಟೋ ನಮ್ಮ ಕೈ ನೆಕ್ಕುತ್ತಿದ್ದವು. ಕೆಲವು ಮಾತ್ರ ನಾವು ಒಳಗೆ ಹೋದ ಮೇಲೆ ಬಂದು ತಿನ್ನುತ್ತಿದ್ದವು.

ನಾಯಿಗಳು ಹೆಚ್ಚಾದವೆಂದು ದೂರು ಹೋಗಿ, ಹಿಡಿಯುವವರ ವ್ಯಾನು ಬರತೊಡಗಿತು. ಅವರು ಬಲೆ ಎತ್ತಿಕೊಂಡು ಓಡುವುದು, ನಾಯಿಗಳು ಚೆಲ್ಲಾಪಿಲ್ಲಿಯಾಗಿ ಪೊದೆ ಸೇರುವುದು. ಒಂದು ದಿನ ಅವರಲ್ಲಿ ಹಿರಿಯನೊಬ್ಬ ಬೆವರು ಒರೆಸಿಕೊಳ್ಳುತ್ತಾ, "ಮೀರು ಪಿಲಿಸ್ತೇ ವಸ್ತಾಯಿ ಕದಂಡೀ, ಸಾರ್," ಎಂದ. ನೀವು ಕರೆದರೆ ಬರುತ್ತವಲ್ಲ ಎಂದು. ನನಗದು ಹೊಗಳಿಕೆಯಂತೆ ಕೇಳಿಸಿತು. ಒಳಗೆ ಹೋಗಿ ಬಟ್ಟಲು ತಂದೆ.

ಆಮೇಲೆ ವ್ಯಾನು ಬಂದಾಗಲೆಲ್ಲ ನಾನೇ "ಬಾ ಮರಿ, ಬಾ" ಎನ್ನುತ್ತಿದ್ದೆ. ಬರುತ್ತಿದ್ದವು. ಬಾಲ ಅಲ್ಲಾಡಿಸುತ್ತಲೇ ಬಲೆಯೊಳಗೆ ಬೀಳುತ್ತಿದ್ದವು. ದೂರ ಬಿಟ್ಟುಬರುತ್ತೇವೆ ಎಂದು ಅವರು ಹೇಳುತ್ತಿದ್ದರು. ಎಲ್ಲಿ ಎಂದು ನಾನು ಕೇಳಲಿಲ್ಲ. ಒಂದೂ ತಿರುಗಿ ಬರಲಿಲ್ಲ. "ನಿಮ್ಮ ಮನೆ ಮೊಸರನ್ನ ನಮಗೆ ಬೇಡಪ್ಪ, ವ್ಯಾನು ಹತ್ತಿಸಿಬಿಡ್ತೀರಿ," ಎಂದು ಪಕ್ಕದ ಮನೆಯವರು ಕೆಣಕಿದರೆ ನಾನೂ ನಗುತ್ತಿದ್ದೆ. ಹೀಗೆ ವರ್ಷಗಳೇ ನಡೆದವು.

ನಿವೃತ್ತಿಯ ಮೇಲೆ ಟೌನ್‌ಶಿಪ್ ಗೋಡೆಯ ಆಚೆಗೇ ಮನೆ ಮಾಡಿಕೊಂಡೆವು. ಹೋದ ವರ್ಷ ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದೆವು. ಮಗಳು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಅವಳ ಜೊತೆ ಬೇಳೆ ತರಲು ಒನ್ ಟೌನ್ ಪೇಟೆಯ ಸಗಟು ಅಂಗಡಿಗಳ ಕಡೆ ಹೋದಾಗ, ಮೂಟೆಗಳ ನಡುವೆ ಮಲಗಿದ್ದ ನಾಯಿಯೊಂದು ಎದ್ದು ಬಂದು ನನ್ನ ಅಂಗೈಗೆ ಮೂತಿ ಒತ್ತಿತು. ಎಷ್ಟೋ ವರ್ಷದ ಮೇಲೆ ಹಾಗೆ ಒಂದು ನಾಯಿ ನನ್ನನ್ನು ಮುಟ್ಟಿದ್ದು.

"ನಮ್ಮ ಕಡೆಯವು ಹೀಗಿಲ್ಲ ನೋಡು. ಓಡೋದನ್ನ ಕಲಿತುಬಿಟ್ಟಿವೆ," ಎಂದೆ.

"ಕಲಿತಿದ್ದು ಸ್ವಲ್ಪ ಇರಬಹುದು, ತಾಯಿ ನೋಡಿ ಮರಿ. ಆದರೆ ಅಷ್ಟೇ ಅಲ್ಲಪ್ಪ. ಎಲ್ಲಾ ನಾಯಿ ಒಂದೇ ಥರ ಹುಟ್ಟಲ್ಲ. ಕೆಲವು ಸಲಿಗೆಯವು, ಕೆಲವು ಪುಕ್ಕಲು. ಆ ಸ್ವಭಾವ ಒಂದಿಷ್ಟು ಮರಿಗಳಿಗೂ ಇಳಿಯುತ್ತೆ. ವ್ಯಾನಿಗೆ ಸಿಕ್ಕಿದ್ದು ಯಾವುವು?"

"ಹತ್ತಿರ ಬಂದವು."

"ಉಳಿದುಕೊಂಡು ಮರಿ ಹಾಕಿದ್ದು?"

"ಓಡಿದವು."

"ಯಾವ ನಾಯಿಯೂ ತನ್ನ ಸ್ವಭಾವ ಬದಲಾಯಿಸಿಕೊಳ್ಳಬೇಕಾಗಿಲ್ಲ. ಪ್ರತಿ ತಲೆಮಾರಿಗೂ ಬರೋವು ಕಮ್ಮಿಯಾದವು, ಓಡೋವು ಹೆಚ್ಚಾದವು. ಇಡೀ ಗುಂಪೇ ಬದಲಾಯ್ತು. ಕಾಡಲ್ಲಾದರೆ ಹಸಿವು, ರೋಗ, ಹುಲಿ ಜರಡಿ ಹಿಡಿಯುತ್ತೆ. ಇಲ್ಲಿ ವ್ಯಾನು ಹಿಡೀತು." ವ್ಯಾನು ಎಂದಳೇ ಹೊರತು ಬಟ್ಟಲು ಎನ್ನಲಿಲ್ಲ. ಬಟ್ಟಲು ಹಿಡಿದಿದ್ದ ಅಪ್ಪನನ್ನು ಅವಳು ಚಿಕ್ಕಂದಿನಲ್ಲಿ ಕಿಟಕಿಯಿಂದ ನೋಡಿದ್ದವಳೇ. ನನ್ನ ಮುಖ ನೋಡದೆ ಬೇಳೆಯ ಚೀಲ ಎತ್ತಿಕೊಂಡಳು.

ಇಷ್ಟು ತಿಳಿದ ಮೇಲೆ ಈ ಕಂದು ನಾಯಿ ನಮ್ಮ ಹಿತ್ತಿಲಿಗೆ ಬಂದದ್ದು. ಅದರ ಮರಿಗಳೂ ನನ್ನನ್ನು ಕಂಡರೆ ಮೋರಿಯೊಳಗೆ ನುಸುಳುತ್ತಿದ್ದವು. ಒಂದು ಕರಿಯ ಮರಿ ಮಾತ್ರ ಹಾಗಲ್ಲ. ಹೇಗೋ ಆ ಸಲಿಗೆ ಅದರಲ್ಲಿ ಉಳಿದುಕೊಂಡು ಬಂದಿತ್ತು. ಓಡಿ ಬಂದು ನನ್ನ ಪಂಚೆಯ ಅಂಚು ಕಚ್ಚಿ ಎಳೆಯುತ್ತಿತ್ತು.

ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ಸಂಸ್ಥೆಯವರಿಗೆ ಹೆಂಡತಿ ಫೋನ್ ಮಾಡಿಸಿದಳು. ಒಬ್ಬ ಹುಡುಗಿ ಬಲೆಯೊಂದಿಗೆ ಬಂದಳು. ತಾಯಿನಾಯಿ ಎರಡು ಸಲ ತಪ್ಪಿಸಿಕೊಂಡಿತು. ಆಗ ಅವಳು ಕರಿಯ ಮರಿಯನ್ನು ನೋಡಿ, "ಅಂಕುಲ್ ಗಾರು, ಮೀರು ಪಿಲಿಸ್ತೇ ವಸ್ತುಂದಿ ಕದಂಡೀ," ಎಂದಳು. ಮರಿ ಬಂದರೆ ತಾಯಿ ಅದರ ಹಿಂದೆ ಬರುತ್ತದೆ ಎಂಬ ಲೆಕ್ಕ.

"ನನ್ನ ಕೈಲಾಗಲ್ಲಮ್ಮ," ಎಂದೆ.

"ಅದು ಸಾಯುತ್ತೆ ರೀ. ಕರೀರಿ," ಎಂದಳು ಹೆಂಡತಿ.

ಬಟ್ಟಲು ಹಿಡಿದು ಕೂತೆ. "ಬಾ ಮರಿ, ಬಾ." ಮರಿ ಕುಣಿಯುತ್ತಾ ಬಂತು. ತಾಯಿ ಡಬ್ಬಿಯೊಳಗೇ ಕುಂಯ್ಗುಟ್ಟುತ್ತಾ ಹಿಂದೆ ಬಂತು. ಬಲೆ ಬಿತ್ತು. ಅದು ಕಿರುಚಿದ ಸದ್ದು ನಾನು ಎಷ್ಟೋ ಸಲ ಕೇಳಿದ್ದ ಸದ್ದೇ. ಹುಡುಗಿ ಡಬ್ಬಿ ಕತ್ತರಿಸಿ ಬಲೆ ಬಿಡಿಸಿದಳು. ತಾಯಿ ಮೋರಿಯ ಕಡೆ ಓಡಿತು. ಕರಿಯ ಮರಿ ಅದಕ್ಕಿಂತ ಮೊದಲೇ ಓಡಿ ಹೋಗಿತ್ತು.

ತಾಯಿ ಈಗ ಚೆನ್ನಾಗಿದೆ, ಮರಿಗಳು ಬೆಳೆದಿವೆ. ಕರಿಯದು ಅಂದಿನಿಂದ ನನ್ನ ಹತ್ತಿರ ಬಂದಿಲ್ಲ. ಇದಕ್ಕೆ ಮಾತ್ರ ಓಡುವುದನ್ನು ನಾನೇ ಕಲಿಸಿದ್ದು. ಮೊಸರನ್ನವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇನೆ. ಕರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟಲು ಕಲ್ಲಿನ ಮೇಲೆ ಸರಿದಾಡುವ ಸದ್ದು ಕೇಳುತ್ತದೆ.