ಚಕ್ಕೋತದ ವಾಸನೆ ಬಂದ ಭಾನುವಾರ

ಆ ವರ್ಷ ಊರಿಗೆಲ್ಲ ಬಂದ ಜ್ವರ ನನಗೂ ಬಂತು. ಒಂದು ವಾರಕ್ಕೆ ಬಿಟ್ಟಿತು, ಆದರೆ ಮೂಗಿಗೆ ವಾಸನೆಯೇ ಇಲ್ಲದಂತೆ ಮಾಡಿ ಹೋಯಿತು. ನನ್ನ ಹೊಟ್ಟೆಪಾಡು ಇದ್ದದ್ದೇ ಮೂಗಿನ ಮೇಲೆ. ಚಿಕ್ಕಮಗಳೂರಿನಲ್ಲಿ ತೋಟಗಳ ಬೀಜ ಸುಲಿದು ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಹದಿನೆಂಟು ವರ್ಷ ಕಾಫಿಯ ರುಚಿ ನೋಡುವ ಕೆಲಸ ಮಾಡಿದ್ದೆ. ಮೂಡಿಗೆರೆಯಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಾಲಾಗಿ ಇಟ್ಟ ಬಟ್ಟಲುಗಳ ಮೇಲೆ ಬಗ್ಗಿ ಮೂಸುವುದು, ಚಮಚದಿಂದ ಸುರ್ರನೆ ಎಳೆದು ಬಾಯಲ್ಲಿ ಆಡಿಸಿ ಉಗುಳುವುದು. ಯಾವ ತೋಟದ ಬೀಜ ಸರಿಯಾಗಿ ಒಣಗಿಲ್ಲ, ಯಾವ ಮೂಟೆ ಹಳತಾಗಿದೆ ಎಂದು ಹೇಳುವುದು. ಇಷ್ಟೇ ನನ್ನ ಕೆಲಸ. ಅದು ನನಗೆ ಬಹಳ ಇಷ್ಟವಿತ್ತು.

ಮೂರು ತಿಂಗಳಿಗೆ ವಾಸನೆ ತಿರುಗಿ ಬಂತು, ಆದರೆ ಸೊಟ್ಟಗೆ ಬಂತು. ಕಾಫಿ ಎಂದರೆ ಸುಟ್ಟ ಟೈರಿನ ನಾತ. ಅತ್ತೆ ಡಿಕಾಕ್ಷನ್ ಇಳಿಸುವ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದಾಗ ಬಸ್ಸಿನಲ್ಲಿದ್ದವರೆಲ್ಲ ಘಮ ಘಮ ಎಂದರು. ನಾನು ಬರೀ ಬಿಳಿ ನೋಡುತ್ತ ಕೂತೆ. ಆ ವಾರವೇ ಕೆಲಸ ಬಿಟ್ಟೆ. ಬರುತ್ತದೆ, ಕಾಯಿರಿ ಎಂದು ಡಾಕ್ಟರು ಹೇಳಿದ್ದರು. ಕಾಯುತ್ತ ಒಂದು ವರ್ಷ ದಾಟಿತು.

ಒಮ್ಮೆ ನನ್ನ ಶಿಷ್ಯೆಯ ಫೋನು ಬಂತು. ಗೋಣಿಬೀಡಿನ ಕಡೆಯ ಹುಡುಗಿ, ಎಸ್ಟೇಟಿನಲ್ಲಿ ಕೆಲಸ ಮಾಡುವವರ ಮಗಳು. ಎರಡು ವರ್ಷ ನನ್ನ ಪಕ್ಕದಲ್ಲಿ ನಿಂತು ರುಚಿ ನೋಡಲು ಕಲಿತು, ಆಮೇಲೆ ಬಿಯರ್ ತಯಾರಿಸುವ ಒಂದು ಸಣ್ಣ ಕಂಪನಿಗೆ ಸೇರಿದ್ದಳು.

“ಮೇಡಂ, ನಂದೊಂದು ಬಿಯರಿದೆ. ನೀವು ರುಚಿ ನೋಡ್ಬೇಕು.”

“ನನ್ನ ಮೂಗು ಕೆಟ್ಟಿದೆ ಅಂತ ನಿಂಗೊತ್ತಲ್ಲ.”

“ನಿಮ್ಗೆ ಕೆಟ್ಟಿರೋದು ಕಾಫಿ ಮೂಗು ಮೇಡಂ. ಇದು ಕಾಫಿ ಅಲ್ವಲ್ಲ.”

ಭಾನುವಾರ ಬಾ ಎಂದುಬಿಟ್ಟೆ. ಫೋನು ಇಟ್ಟ ಮೇಲೆ ಹೊಳೆಯಿತು, ಬಾ ಎಂದದ್ದು ಯಾವ ಮನೆಗೆ ಎಂದು. ನಮ್ಮದು ಮೂಡಿಗೆರೆಯಲ್ಲಿ ಅಂಗಡಿ ಇಟ್ಟುಕೊಂಡ ಶೈವರ ಮನೆ. ಅತ್ತೆ ಹಣೆಗೆ ವಿಭೂತಿ ಹಚ್ಚದೆ ನೀರು ಕುಡಿದವರಲ್ಲ. ಆ ಹೊಸ್ತಿಲೊಳಗೆ ಹೆಂಡ, ಸಾರಾಯಿ ಯಾವತ್ತೂ ಬಂದಿರಲಿಲ್ಲ. ಎರಡು ದಿನ ಹಿಂದೆ ಮುಂದೆ ನೋಡಿ ಶನಿವಾರ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅದಕ್ಕೆ ಎಂತೆಂತ ಹಾಕ್ತಾರೆ?”

“ಬಾರ್ಲಿ, ಓಟ್ಸು, ಗೋಧಿ. ಹಾಪ್ಸ್ ಅಂತ ಒಂದು ಹೂವು.”

“ಶುಗರಿಗೆ ಡಾಕ್ಟ್ರು ನಂಗೆ ಬರ್ಕೊಟ್ಟಿದ್ದೂ ಅದೇ ಅಲ್ವೇನೆ, ಬಾರ್ಲಿ, ಓಟ್ಸು,” ಎಂದರು. ಒಂದು ಕಲ್ಲು ಆರಿಸಿ ಎಸೆದು, “ರುಚಿ ನೋಡೋದು ನಿನ್ನ ಕಸುಬು. ದೇವರ ಮನೆ ಕಡೆ ತರ್ಬೇಡ, ಹಿಂದಿನ ಜಗುಲಿಲಿ ಕೂತ್ಕೊಳ್ಳಿ,” ಎಂದರು.

ಹುಡುಗಿ ಐಸ್ ತುಂಬಿದ ಡಬ್ಬ ಹೊತ್ತು ಬಂದಳು. ಒಳಗೆ ಮೂರು ಬಾಟಲಿ. ಹೆಸರಿನ ಚೀಟಿ ಇಲ್ಲ, ಒಂದು, ಎರಡು, ಮೂರು ಎಂದು ಬರೆದ ಪಟ್ಟಿ ಮಾತ್ರ. ಹೆಚ್ಚು ಕೇಳಬೇಡಿ ಎಂದಳು. ಮೊದಲೇ ತಿಳಿದರೆ ನಾಲಿಗೆ ಮೋಸ ಮಾಡುತ್ತದೆ ಎಂದು ನಾನು ಕಲಿಸಿದ್ದನ್ನೇ ನನಗೆ ಹೇಳುತ್ತಿದ್ದಳು. ಅಮಲು ಸಾಮಾನ್ಯ ಬಿಯರಿನ ಅರ್ಧದಷ್ಟೂ ಇಲ್ಲ ಎಂದಷ್ಟೇ ತಿಳಿಸಿದಳು.

ಗಾಜಿನ ಲೋಟಕ್ಕೆ ಬಗ್ಗಿಸಿದಳು. ಬಿಯರ್ ಎಂದರೆ ತಿಳಿಯಾಗಿರುತ್ತದೆ ಎಂದುಕೊಂಡಿದ್ದೆ. ಇದು ಅಕ್ಕಿ ತೊಳೆದ ನೀರಿಗೆ ಚಿಟಿಕೆ ಅರಿಶಿನ ಕದಡಿದ ಹಾಗಿತ್ತು. ಮೇಲೆ ಬಿಳಿ ನೊರೆ. ಅಂಗೈಯಿಂದ ಲೋಟದ ಬಾಯಿ ಮುಚ್ಚಿ ಹಿಡಿದೆ. ನಿಜ ಹೇಳಬೇಕೆಂದರೆ ಹೆದರಿಕೆಯಾಗಿತ್ತು. ಇದೂ ಟೈರಿನ ನಾತ ಹೊಡೆದರೆ ಈ ಹುಡುಗಿಯ ಮುಖ ಹೇಗೆ ನೋಡಲಿ?

ಕೈ ತೆಗೆದು ಮೂಸಿದೆ. ಏನೂ ಇಲ್ಲ. ಇನ್ನೊಮ್ಮೆ ಮೂಸಿದೆ. ಮೂಗಿನ ಒಳಗೆ ಎಲ್ಲೋ ಮೇಲೆ ಸಣ್ಣಗೆ ಚುರ್ ಎಂದಿತು. ಆಮೇಲೆ ಬಂತು. ಆಗ ತಾನೆ ಸುಲಿದ ಹಣ್ಣಿನ ಸಿಪ್ಪೆ, ಹಸಿರು ಹಸಿರಾಗಿ, ಸೊಟ್ಟಗಾಗದೆ, ನೆಟ್ಟಗೆ. ನನ್ನ ಕಣ್ಣು ತುಂಬಿತು.

“ಅಷ್ಟು ಕೆಟ್ಟದಾಗಿದ್ಯಾ ಮೇಡಂ?” ಎಂದಳು ಹುಡುಗಿ.

ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಅತ್ತೆಯನ್ನು ಕರೆದೆ. ಏನನ್ನೂ ಸೂಚಿಸದೆ ಲೋಟವನ್ನು ಅವರ ಮೂಗಿನ ಹತ್ತಿರ ಹಿಡಿದೆ. ಅವರು ಮೂಗಿಗೆ ಹಿಡಿದಿದ್ದ ಸೆರಗನ್ನು ಒಂದು ಪಕ್ಕಕ್ಕೆ ಸರಿಸಿ, ಹುಷಾರಾಗಿ ಉಸಿರೆಳೆದುಕೊಂಡರು.

“ಚಕ್ಕೋತ,” ಎಂದರು. “ಸಿಪ್ಪೆ ಬಿಡಿಸುವಾಗ ಕಣ್ಣಿಗೆ ಹಾರತ್ತಲ್ಲ, ಅದು.”

ನಾನು ನಕ್ಕುಬಿಟ್ಟೆ. ನನಗೆ ಬಂದದ್ದೂ ಚಕ್ಕೋತವೇ. ಹುಡುಗಿಗೆ ಆಗ ಅರ್ಥವಾಯಿತು. ಎರಡೂ ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡಳು.

ಒಂದು ಗುಟುಕು ಬಾಯಿಗೆ ಹಾಕಿ, ಅಭ್ಯಾಸಬಲದಿಂದ ಉಗುಳಲು ಬಚ್ಚಲ ಕಡೆ ತಿರುಗಿದೆ.

“ಉಗುಳ್ಬಾರ್ದು ಮೇಡಂ. ಇದರ ಕಹಿ ಗಂಟಲಿಗೆ ಹೋದ್ಮೇಲೇ ಸಿಗೋದು.”

ಬಾಯಿ ತುಂಬಿಕೊಂಡೇ ಅತ್ತೆಯ ಮುಖ ನೋಡಿದೆ.

“ನುಂಗೆ ಮಾರಾಯ್ತಿ. ನನ್ನ ಮುಖ ಎಂತ ನೋಡ್ತಿ?”

ನುಂಗಿದೆ. ಗಂಜಿಯ ಹಾಗೆ ನುಣ್ಣಗೆ, ಹಗುರವಾಗಿ ಜಾರಿತು. ಹಿಂದೆಯೇ ಚಕ್ಕೋತದ ತೊಳೆಗೆ ಅಂಟಿದ ಬಿಳಿ ಸಿಪ್ಪೆಯ ಕಹಿ ನಿಧಾನಕ್ಕೆ ಬಂದು, ಇದ್ದು, ಹೋಯಿತು. ನಾಲಿಗೆ ಇನ್ನೊಂದು ಗುಟುಕು ಕೇಳಿತು.

ಎರಡನೆಯದೂ ಅದೇ. ಮೂರನೆಯದನ್ನು ಮೂಸಿ ನಿಲ್ಲಿಸಿದೆ. ಹಣ್ಣು ಹಿಂದೆ ಸರಿದಿತ್ತು. ಅದರ ಜಾಗದಲ್ಲಿ ಒಣಗಿದ ಏನೋ ಒಂದು. ಅದು ನನಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಮಳೆಗಾಲವೆಲ್ಲ ಗೋದಾಮಿನಲ್ಲಿ ಕೂತ ಕಾಫಿಗೆ ಬರುವ ಗೋಣಿಚೀಲದ ವಾಸನೆ. ಎಷ್ಟು ಮೂಟೆಗಳನ್ನು ಅದೇ ಕಾರಣಕ್ಕೆ ಪಕ್ಕಕ್ಕೆ ಇಡಿಸಿದ್ದೆನೋ.

“ಇದು ಬೇರೆ,” ಎಂದೆ. “ಇದಕ್ಕೆ ಗಾಳಿ ತಗುಲಿದೆ.”

ಹುಡುಗಿ ಅಲ್ಲೇ ಜಗುಲಿಯ ಮೇಲೆ ಕೂತಳು. “ಮೂರೂ ಒಂದೇ ದಿನ ತುಂಬ್ಸಿದ್ದು ಮೇಡಂ. ಮೂರನೇದು ಮಾತ್ರ ಬಾಟ್ಲಿ ತುಂಬ್ಸೋ ಇನ್ನೊಂದು ನಳದ್ದು. ಆ ನಳದ ಬಾಟ್ಲಿ ಸರಿ ಇಲ್ಲ ಅಂತ ಒಂದು ತಿಂಗಳಿಂದ ಹೇಳ್ತಿದ್ದೀನಿ. ಕಂಪ್ನಿಯವ್ರು ನಿಂದು ಭ್ರಮೆ ಅಂತಾರೆ. ನಂಗೂ ಹಾಗೇ ಅನ್ಸೋಕೆ ಶುರುವಾಗಿತ್ತು.”

“ಭ್ರಮೆ ಅಲ್ಲ. ನನ್ನ ಹೆಸರು ಹೇಳು.”

ಹಾಗೆಂದ ಮೇಲೆ ನನಗೇ ಆಶ್ಚರ್ಯವಾಯಿತು. ವರ್ಷದ ಮೇಲಾಗಿತ್ತು, ಒಂದು ವಾಸನೆಯ ಬಗ್ಗೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿ.

ಉಳಿದದ್ದನ್ನು ನಾನೂ ಅವಳೂ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಅತ್ತೆ ತಂದಿಟ್ಟ ನಿಪ್ಪಟ್ಟಿನ ಜೊತೆ ಕುಡಿದೆವು. ತಲೆ ತಿರುಗುತ್ತದೆಯೇ ಎಂದು ಅತ್ತೆ ಮೂರು ಸಲ ಕೇಳಿದರು. ಮೂರೂ ಸಲ ಇಲ್ಲ ಎಂದೆ. ಹಾಗಾದರೆ ಅದಕ್ಕೆ ಇಷ್ಟು ಗಲಾಟೆ ಯಾಕೆ ಎನ್ನುತ್ತ ಒಳಗೆ ಹೋದರು.

ಹತ್ತು ದಿನದ ಮೇಲೆ ಹುಡುಗಿ ಫೋನು ಮಾಡಿದಳು. ಆ ನಳ ಬಿಚ್ಚಿ ನೋಡಿದಾಗ ಒಳಗಿನ ರಬ್ಬರ್ ಬಳೆ ಸೀಳಿತ್ತಂತೆ. ಅಲ್ಲಿಂದ ಗಾಳಿ ಎಳೆಯುತ್ತಿತ್ತಂತೆ. ಅವಳಿಗೆ ಈಗ ಬಾಟಲಿ ತುಂಬಿಸುವ ಕೋಣೆಯ ಪೂರ್ತಿ ಜವಾಬ್ದಾರಿ ಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ಐಸ್ ಡಬ್ಬ ಬಸ್ಸಿನಲ್ಲಿ ಮೂಡಿಗೆರೆಗೆ ಬರುತ್ತದೆ. ನಾನು ಜಗುಲಿಯಲ್ಲಿ ಕೂತು ರುಚಿ ನೋಡಿ ಬರೆದು ಕಳಿಸುತ್ತೇನೆ.

ಕಾಫಿಯ ವಾಸನೆ ಮಾತ್ರ ನಿಧಾನವಾಗಿ ಬಂತು. ಮೊದಲು ಟೈರು ಹೋಗಿ ಬೂದಿಯಾಯಿತು. ಆಮೇಲೆ ಹುರಿದ ಬೀಜವಾಯಿತು. ಕಳೆದ ಕೊಯ್ಲಿನ ಹೊತ್ತಿಗೆ ಕ್ಯೂರಿಂಗ್ ವರ್ಕ್ಸಿನವರು ವಾರಕ್ಕೆ ಮೂರು ದಿನ ಬನ್ನಿ ಎಂದು ಕರೆದರು. ಹೋದೆ. ಮೊದಲ ದಿನ ಹದಿನಾಲ್ಕು ಬಟ್ಟಲು ಇಟ್ಟಿದ್ದರು. ಅತ್ತಿಗುಂಡಿ ಕಡೆಯ ಒಂದು ತೋಟದ ಬಟ್ಟಲಿನಿಂದ ಕಾಫಿ ಕಾಫಿಯಾಗೇ, ನೆಟ್ಟಗೆ ಬಂತು. ಅದರ ಮುಂದೆ ಬೇಕೆಂದೇ ಬಹಳ ಹೊತ್ತು ನಿಂತೆ. ರುಚಿ ನೋಡಲು ನನ್ನ ಹಿಂದೆ ನಿಂತಿದ್ದವರು ಕಾದರು.